ಮಿದುಳಿಗೊಂದು ಬೆಳಕಿನ ಸ್ವಿಚ್ಚು



ಟೆಲಿವಿಷನ್ ಸ್ಟುಡಿಯೋ ಒಂದನ್ನು ನೀವು ಒಳಗಿನಿಂದ ನೋಡಿದ್ದೀರಾ? ನೆತ್ತಿಯ ಮೇಲೆ ಹತ್ತಾರು ದೀಪಗಳು ತೂಗುತ್ತಿರುತ್ತವೆ. ಮಾತನಾಡುವವರ ಮುಖದ ಮೇಲೆ ನೆರಳು ಬಿದ್ದರೆ ಅದಕ್ಕೆ ಯಾವ ದೀಪ ಕಾರಣವೆಂದು ಪತ್ತೆಹಚ್ಚಲು ನಾವು ಒಂದೊಂದನ್ನೇ ಆರಿಸಿ, ಹೊತ್ತಿಸಿ ನೋಡುತ್ತೇವೆ. ಇಡೀ ಸ್ಟುಡಿಯೋಗೆ ಒಂದೇ ಒಂದು ಮೇನ್ ಸ್ವಿಚ್ಚು ಇದ್ದಿದ್ದರೆ? ಎಲ್ಲ ದೀಪಗಳೂ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತಿದ್ದವು. ಯಾವ ದೀಪದ ಕೆಲಸ ಯಾವುದೆಂದು ಎಂದಿಗೂ ತಿಳಿಯುತ್ತಿರಲಿಲ್ಲ.

ಮಿದುಳಿನ ವಿಜ್ಞಾನಿಗಳ ಪಾಡು ಬಹುಕಾಲ ಹೀಗೆಯೇ ಇತ್ತು. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಹಲವು ಬಗೆಯ ಕೋಶಗಳು ಒಂದರ ಪಕ್ಕ ಒಂದು ಹೆಣೆದುಕೊಂಡಿರುತ್ತವೆ. ಸಣ್ಣ ತಂತಿಯನ್ನು ಒಳಗಿಳಿಸಿ ವಿದ್ಯುತ್ ಹರಿಸಿದರೆ ಸುತ್ತಮುತ್ತಲಿನ ಎಲ್ಲ ಬಗೆಯ ಕೋಶಗಳೂ ಕೆರಳುತ್ತವೆ. ಔಷಧಿ ಕೊಟ್ಟರೆ ಅದು ಮಿದುಳಿನ ತುಂಬ ಹರಡುತ್ತದೆ. ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1979ರಲ್ಲೇ ಈ ಕೊರತೆಯನ್ನು ಎತ್ತಿ ತೋರಿಸಿದ್ದರು. ಉಳಿದ ಕೋಶಗಳನ್ನು ಅವುಗಳ ಪಾಡಿಗೆ ಬಿಟ್ಟು ಒಂದೇ ಬಗೆಯ ಕೋಶಗಳನ್ನು ಹಿಡಿತಕ್ಕೆ ತರುವ ಉಪಾಯ ಬೇಕು ಎಂಬುದು ಅವರ ಮಾತಿನ ತಿರುಳು. ಅದಕ್ಕೆ ಬೆಳಕು ನೆರವಾಗಬಹುದೆಂದು 1999ರಲ್ಲಿ ಸೂಚಿಸಿದವರೂ ಅವರೇ.

ಈ ಕೊರತೆಯನ್ನು ಆಸ್ಪತ್ರೆಯಲ್ಲಿ ಹತ್ತಿರದಿಂದ ಕಂಡವರು ಅಮೆರಿಕದ ಕಾರ್ಲ್ ಡೈಸರಾಥ್. 1971ರಲ್ಲಿ ಹುಟ್ಟಿದ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನಿ ಮಾತ್ರವಲ್ಲ, ಮನೋವೈದ್ಯರೂ ಹೌದು. ಹೃದ್ರೋಗದ ವೈದ್ಯರು ಹೃದಯದ ಯಾವ ಕವಾಟ ಕೆಟ್ಟಿದೆಯೆಂದು ಬೆರಳಿಟ್ಟು ತೋರಿಸಬಲ್ಲರು. ಆದರೆ ತೀವ್ರ ಖಿನ್ನತೆಯಿಂದ ಬಳಲುವ ರೋಗಿಯ ಮಿದುಳಿನಲ್ಲಿ ಯಾವ ಕೋಶಗಳ ನಡವಳಿಕೆ ತಪ್ಪಿದೆಯೆಂದು ಮನೋವೈದ್ಯರು ಹೇಳಲಾರರು. ಔಷಧಿಯಿಂದಲೂ ವಿದ್ಯುತ್ ಚಿಕಿತ್ಸೆಯಿಂದಲೂ ಎಷ್ಟೋ ಜನ ಗುಣಮುಖರಾಗುತ್ತಾರೆ, ನಿಜ. ಆದರೆ ಅವು ಏಕೆ ಫಲಿಸಿದವು, ಇನ್ನೊಬ್ಬರಲ್ಲಿ ಏಕೆ ಫಲಿಸಲಿಲ್ಲ ಎಂದು ವಿವರಿಸುವುದು ಕಷ್ಟ.

ಹಾಗಾದರೆ ಬೇಕಾದ ಸ್ವಿಚ್ಚು ಸಿಕ್ಕಿದ್ದೆಲ್ಲಿ? ಆಶ್ಚರ್ಯಪಡಬೇಡಿ, ಪಾಚಿಯಲ್ಲಿ!

ನಾನು ಪಿ.ಯು.ಸಿ. ಓದುತ್ತಿದ್ದಾಗ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಕ್ಲಾಮಿಡೋಮೊನಾಸ್ ಎಂಬ ಏಕಕೋಶ ಹಸುರು ಪಾಚಿಯ ಚಿತ್ರ ಬರೆದಿದ್ದೆ. ನೀವೂ ಬರೆದಿರಬಹುದು. ಎರಡು ಚಾಟಿಗಳು, ಬಟ್ಟಲಿನಂಥ ಹರಿತ್ಕಣ, ಪಕ್ಕದಲ್ಲೊಂದು ಕೆಂಪು ಕಣ್ಣುಚುಕ್ಕೆ. ಭಾಗಗಳನ್ನು ಗುರುತಿಸಿ, ಮಾರ್ಕ್ಸು ಪಡೆದು, ಮರೆತುಬಿಟ್ಟೆ. ಆ ಚುಕ್ಕೆಯ ಬಳಿ ಬೆಳಕು ಬಿದ್ದಾಗ ಏನಾಗುತ್ತದೆಂದು ಕೇಳುವ ಕುತೂಹಲ ನನಗೆ ಬರಲಿಲ್ಲ. ಜರ್ಮನಿಯ ಪೀಟರ್ ಹೇಗೆಮನ್ ಅವರಿಗೆ ಬಂತು. ಬೆಳಕು ತಾಗಿದೊಡನೆ ಆ ಪಾಚಿಯಲ್ಲಿ ವಿದ್ಯುತ್ ಪ್ರವಾಹ ಹುಟ್ಟುವುದನ್ನು ಅವರು ಮತ್ತು ಸಂಗಡಿಗರು 1991ರಲ್ಲಿ ವರದಿ ಮಾಡಿದರು. 2002 ಮತ್ತು 2003ರಲ್ಲಿ ಗಿಯೋರ್ಗ್ ನಾಗೆಲ್, ಅರ್ನ್‌ಸ್ಟ್ ಬಾಂಬರ್ಗ್ ಅವರೊಡಗೂಡಿ ಅದರ ಮೂಲವನ್ನೂ ಪತ್ತೆಹಚ್ಚಿದರು. ಅದೊಂದು ಪ್ರೋಟೀನು. ಹೆಸರು ಚಾನೆಲ್‌ರೊಡಾಪ್ಸಿನ್. ಕೋಶದ ಪೊರೆಯಲ್ಲಿ ಅದು ಬಾಗಿಲಿನಂತೆ ಕುಳಿತಿರುತ್ತದೆ. ನೀಲಿ ಬೆಳಕು ಬಿದ್ದರೆ ಬಾಗಿಲು ತೆರೆದು, ಧನ ವಿದ್ಯುದಂಶವುಳ್ಳ ಅಯಾನುಗಳು ಒಳನುಗ್ಗುತ್ತವೆ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ನರಕೋಶವೊಂದು ಸಂದೇಶ ಕಳುಹಿಸುವಾಗಲೂ ನಡೆಯುವುದು ಇದೇ ಅಲ್ಲವೇ? ಧನ ಅಯಾನುಗಳು ಒಳಹೊಕ್ಕರೆ ಅದು ಕೆರಳುತ್ತದೆ. ಹಾಗಾದರೆ ಪಾಚಿಯ ಬಾಗಿಲನ್ನು ನರಕೋಶಕ್ಕೇ ಜೋಡಿಸಿದರೆ?

2004ರಲ್ಲಿ ಡೈಸರಾಥ್ ಮತ್ತು ಯುವ ವಿಜ್ಞಾನಿಗಳಾದ ಎಡ್ ಬಾಯ್ಡನ್, ಫೆಂಗ್ ಜಾಂಗ್ ಮಾಡಿದ್ದು ಇದನ್ನೇ. ಜರ್ಮನಿಯಿಂದ ಆ ಪ್ರೋಟೀನಿನ ವಂಶವಾಹಿಯನ್ನು ತರಿಸಿಕೊಂಡು, ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದ ನರಕೋಶಗಳಿಗೆ ಸೇರಿಸಿದರು. ನೀಲಿ ಬೆಳಕನ್ನು ಮಿಣುಕಿಸಿದರೆ ನರಕೋಶವೂ ಅದೇ ತಾಳದಲ್ಲಿ ಮಿಡಿಯಿತು! ಬಾಗಿಲಿನ ಕೆಲಸಕ್ಕೆ ರೆಟಿನಾಲ್ ಎಂಬ ಇನ್ನೊಂದು ಅಣು ಬೇಕು. ಎ ಜೀವಸತ್ವಕ್ಕೆ ಸಂಬಂಧಿಸಿದ ಆ ಅಣು ಸಸ್ತನಿಗಳ ಮಿದುಳಿನಲ್ಲಿ ಬೇಕಾದಷ್ಟು ಇದ್ದುದು ಅವರ ಅದೃಷ್ಟ. 2005ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ನರಕೋಶವನ್ನು ಬೆಳಕಿನಿಂದ ಕೆರಳಿಸಿದವರಲ್ಲಿ ಇವರೇ ಮೊದಲಿಗರಲ್ಲವೆಂಬುದನ್ನೂ ನೆನಪಿಡಬೇಕು. ಗೇರೊ ಮೀಸನ್‌ಬಾಕ್ ಅವರ ತಂಡ ಹಣ್ಣುನೊಣದ ಕಣ್ಣಿನ ವಂಶವಾಹಿಗಳನ್ನು ಬಳಸಿ 2002ರಲ್ಲೇ ಇದನ್ನು ಸಾಧಿಸಿತ್ತು. ಆದರೆ ಪಾಚಿಯ ಒಂದೇ ಪ್ರೋಟೀನಿನಷ್ಟು ಸರಳವೂ ವೇಗವೂ ಆದ ಸ್ವಿಚ್ಚು ಅದಾಗಿರಲಿಲ್ಲ.

ಜೀವಂತ ಮಿದುಳಿಗೆ ಈ ವಂಶವಾಹಿಯನ್ನು ಹೊತ್ತೊಯ್ಯುವುದು, ರೋಗ ತಾರದಂತೆ ಪಳಗಿಸಿದ ವೈರಸ್. ಅದರೊಂದಿಗೆ ವಿಳಾಸದ ಚೀಟಿಯಂಥ ಒಂದು ಡಿಎನ್‌ಎ ತುಣುಕನ್ನೂ ಜೋಡಿಸಿರುತ್ತಾರೆ. ಆ ವಿಳಾಸ ಹೊಂದುವ ಕೋಶಗಳಲ್ಲಿ ಮಾತ್ರ ಬಾಗಿಲು ತಯಾರಾಗುತ್ತದೆ. ಕೂದಲೆಳೆಯಂಥ ಗಾಜಿನ ತಂತುವಿನ ಮೂಲಕ ಬೆಳಕು ಒಳಗೆ ಹೋಗುತ್ತದೆ. 2007ರಲ್ಲಿ ಇಲಿಗಳ ಮಿದುಳಿನ ಒಂದು ಬಗೆಯ ಕೋಶಗಳಿಗೆ ಹೀಗೆ ಬೆಳಕು ಹಾಯಿಸಿದಾಗ, ಅವು ನಿದ್ರೆಯಿಂದ ಏಳುವ ಸಂಭವ ಹೆಚ್ಚಾಯಿತು. ಅದೇ ವರ್ಷ ಆರಿಸುವ ಸ್ವಿಚ್ಚೂ ಸಿಕ್ಕಿತು. ಉಪ್ಪು, ಕ್ಷಾರ ತುಂಬಿದ ಸರೋವರಗಳಲ್ಲಿ ಬಾಳುವ ಸೂಕ್ಷ್ಮಜೀವಿಯೊಂದರ ಪ್ರೋಟೀನು ಹಳದಿ ಬೆಳಕಿಗೆ ನರಕೋಶವನ್ನು ಸುಮ್ಮನಾಗಿಸಿತು. ಈ ವಿದ್ಯೆಗೆ ಆಪ್ಟೋಜೆನೆಟಿಕ್ಸ್ ಎಂದು ಹೆಸರು.

ಇಷ್ಟೆಲ್ಲದರಿಂದ ಆ ಖಿನ್ನತೆಯ ರೋಗಿಗೆ ಬಂದ ಲಾಭವೇನು ಎಂದು ನೀವು ಕೇಳಬೇಕು. ನ್ಯಾಯವಾದ ಪ್ರಶ್ನೆ. ನೇರ ಉತ್ತರವೆಂದರೆ, ಖಿನ್ನತೆಗೆ ಬೆಳಕಿನ ಸ್ವಿಚ್ಚಿನ ಚಿಕಿತ್ಸೆ ಇನ್ನೂ ಬಂದಿಲ್ಲ. ಮನುಷ್ಯರ ಮಿದುಳಿಗೆ ಪಾಚಿಯ ವಂಶವಾಹಿ ಸೇರಿಸುವುದು ಅವಸರದಲ್ಲಿ ಮಾಡುವ ಕೆಲಸವೂ ಅಲ್ಲ. ಸದ್ಯಕ್ಕೆ ಇದು ಮುಖ್ಯವಾಗಿ ತಿಳಿಯುವ ಸಾಧನ. ಆದರೆ ತಿಳಿವಳಿಕೆ ಸಣ್ಣದಲ್ಲ. ಪಾರ್ಕಿನ್ಸನ್ ರೋಗಿಗಳ ಮಿದುಳಿನ ಆಳದ ಒಂದು ಭಾಗಕ್ಕೆ ವಿದ್ಯುತ್ ಕೊಟ್ಟರೆ ನಡುಕ ತಗ್ಗುತ್ತದೆ. 2009ರಲ್ಲಿ ಡೈಸರಾಥ್ ತಂಡ ಇಲಿಗಳಲ್ಲಿ ಪರೀಕ್ಷಿಸಿದಾಗ, ಉಪಕಾರವಾದದ್ದು ಆ ಭಾಗದ ಕೋಶಗಳಿಂದಲ್ಲ, ಹೊರಗಿನಿಂದ ಅಲ್ಲಿಗೆ ಬರುವ ನರತಂತುಗಳನ್ನು ಪ್ರಚೋದಿಸಿದ್ದರಿಂದ ಎಂದು ಕಂಡುಬಂತು. ಯಾವ ದೀಪವೆಂದು ಗುರುತಾಯಿತು, ನೋಡಿ!

ಕಣ್ಣಿನ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ಅನುವಂಶಿಕ ರೋಗದಿಂದ ಕುರುಡಾಗಿದ್ದ 58 ವರ್ಷದ ಒಬ್ಬರ ಅಕ್ಷಿಪಟಕ್ಕೆ ಪಾಚಿಯಿಂದ ಬಂದ ಇಂಥದೇ ಪ್ರೋಟೀನಿನ ವಂಶವಾಹಿ ಸೇರಿಸಿದ ವರದಿ 2021ರಲ್ಲಿ ಪ್ರಕಟವಾಯಿತು. ವಿಶೇಷ ಕನ್ನಡಕ ಹಾಕಿಕೊಂಡು ಅವರು ಮೇಜಿನ ಮೇಲಿನ ನೋಟುಪುಸ್ತಕವನ್ನು ಗುರುತಿಸಿ ಮುಟ್ಟಿದರು. ಮುಖ ನೋಡಿ ಗುರುತಿಸುವಷ್ಟಲ್ಲ, ಓದುವಷ್ಟೂ ಅಲ್ಲ. ಆದರೆ ಕತ್ತಲೆಯಲ್ಲೇ ವರ್ಷಗಳನ್ನು ಕಳೆದವರಿಗೆ ಅದು ಎಷ್ಟು ದೊಡ್ಡದು!

2021ರ ಲಾಸ್ಕರ್ ಪ್ರಶಸ್ತಿಯನ್ನು ಡೈಸರಾಥ್ ಒಬ್ಬರಿಗೇ ಕೊಡಲಿಲ್ಲ. ಪಾಚಿಯನ್ನು ಅಭ್ಯಸಿಸಿದ ಹೇಗೆಮನ್, ಉಪ್ಪುಪ್ರಿಯ ಸೂಕ್ಷ್ಮಜೀವಿಯಲ್ಲಿ ಬೆಳಕಿಗೆ ಸ್ಪಂದಿಸುವ ಪ್ರೋಟೀನನ್ನು 1971ರಲ್ಲೇ ಕಂಡಿದ್ದ ಡೀಟರ್ ಓಸ್ಟರ್‌ಹೆಲ್ಟ್ ಅವರೊಂದಿಗೆ ಹಂಚಿಕೊಂಡರು. ಅವರಿಬ್ಬರೂ ಮಿದುಳಿನ ರೋಗಕ್ಕೆ ಮದ್ದು ಹುಡುಕಲು ಹೊರಟವರಲ್ಲ. ಒಂದು ಪುಟ್ಟ ಜೀವಿ ಬೆಳಕನ್ನು ಹೇಗೆ ಅರಿಯುತ್ತದೆಂದು ತಿಳಿಯಲು ಹೊರಟವರು. ಅವರು ಕೇಳದಿದ್ದರೆ, ರೋಗಿಯ ಮುಂದೆ ಕುಳಿತ ವೈದ್ಯರಿಗೆ ಕೈಚಾಚಲು ಏನೂ ಇರುತ್ತಿರಲಿಲ್ಲ.

ಮುಂದಿನ ಸಲ ರೆಕಾರ್ಡಿನಲ್ಲಿ ಚಿತ್ರ ಬರೆದು ಭಾಗಗಳನ್ನು ಗುರುತಿಸುವಾಗ, ಅವುಗಳಲ್ಲಿ ಒಂದನ್ನಾದರೂ ತೋರಿಸಿ "ಇದೇಕೆ ಹೀಗಿದೆ?" ಎಂದು ನಿಮ್ಮ ಅಧ್ಯಾಪಕರನ್ನು ಕೇಳಿ. ನಾನು ಕೇಳಲಿಲ್ಲ. ನೀವು ಕೇಳಿರಿ.