ಸಂಜೆ ದನ ಎಣಿಸಿದಿರಾ?



ಸಿದ್ದಾಪುರ ತಾಲೂಕಿನ ತ್ಯಾಗಲಿ ಕಡೆ ಅಕ್ಕಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ ಅಂದರೆ ಕಾರಣ ಗಡಿ, ನೀರು, ಇಲ್ಲವೇ ದನ. ಗಡಿ ತಕರಾರಿಗೆ ಸರ್ವೆಯವರಾದರೂ ಬರುತ್ತಾರೆ. ದನದ ತಕರಾರು ಮಾತ್ರ ಮನಸ್ಸಿನಲ್ಲೇ ಕೊಳೆಯುತ್ತದೆ. ಬೆಳಿಗ್ಗೆ ತೋಟಕ್ಕೆ ಇಳಿದರೆ ಹೋದ ಮಳೆಗಾಲದಲ್ಲಿ ನೆಟ್ಟ ಅಡಿಕೆ ಸಸಿಗೆ ಸುಳಿಯೇ ಇಲ್ಲ. ಅಡಿಕೆಗೆ ಇರುವುದು ಒಂದೇ ಸುಳಿ. ಬುಡಸಮೇತ ಅದು ಹೋಯಿತೆಂದರೆ ಗಿಡವೇ ಹೋಯಿತು. ಮತ್ತೆ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು.

"ಮೊದಲಿಂದಲೂ ದನ ಬಿಟ್ಟೇ ಸಾಕಿದ್ದು" ಅನ್ನುವವರಿದ್ದಾರೆ. ನಿಜ. ಆದರೆ ಆಗ ಕಟ್ಟುಪಾಡಿತ್ತು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ, ಜೊತೆಗೆ ಮೇವಿಗೆ ಬೇಣ. ನಾಟಿಯಿಂದ ಕೊಯ್ಲಿನವರೆಗೆ ದನ ಕಾಯಲು ಜನ ಇದ್ದರು. ಕೊಯ್ಲಾದ ಮೇಲೆ ಗದ್ದೆ ಎಲ್ಲರ ದನಕ್ಕೂ ಬಯಲು. ಬೇಲಿಯ ದಣಪೆ ಹಾಕದೆ ಹೋದವನಿಗೆ ಊರೆಲ್ಲ ಬೈಯುತ್ತಿತ್ತು. ಈಗ ಎಷ್ಟೋ ಗದ್ದೆಗಳು ತೋಟವಾಗಿವೆ, ಹನ್ನೆರಡು ತಿಂಗಳೂ ಬೆಳೆ ನಿಂತಿರುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರೇ. ಕರೆಯುವ ಹಸು ಕೊಟ್ಟಿಗೆಯಲ್ಲಿ, ಗಂಡುಕರು ಮತ್ತು ಬತ್ತಿದ್ದು ರಸ್ತೆಯಲ್ಲಿ. ಮಲೆನಾಡ ಗಿಡ್ಡವಂತೂ ಸಣ್ಣ ಮೈ, ಚುರುಕು ಕಾಲು. ಒಮ್ಮೆ ತೋಟದ ರುಚಿ ಹತ್ತಿತೆಂದರೆ ಅದು ತುಡುದನವೇ.

ಹಾಗಾದರೆ ಹೊಣೆ ಯಾರದು? ಬೇಲಿ ಹಾಕದವನದ್ದು ಅಂತ ನಮ್ಮಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ನಾನು ಒಪ್ಪುವುದಿಲ್ಲ. ಕಾನೂನೂ ಒಪ್ಪುವುದಿಲ್ಲ. ಬ್ರಿಟಿಷರ ಕಾಲದ 1871ರ ದನಗಳ ಅತಿಕ್ರಮಣ ಕಾಯ್ದೆಯೂ ದನದ ಯಜಮಾನನ ಮೇಲೇ ಹೊಣೆ ಹೊರಿಸಿತ್ತು, ಕರ್ನಾಟಕ 1966ರಲ್ಲಿ ತನ್ನದೇ ಕಾಯ್ದೆ ತಂದಾಗಲೂ ಅದೇ ದಾರಿ ಹಿಡಿಯಿತು. ಬೆಳೆ ಹಾಳುಮಾಡುವ ದನವನ್ನು ಹಿಡಿದು ದೊಡ್ಡಿಗೆ ಸೇರಿಸಬಹುದು. ದಂಡವನ್ನೂ ಮೇವಿನ ಖರ್ಚನ್ನೂ ಕೊಟ್ಟು ಬಿಡಿಸಿಕೊಳ್ಳಬೇಕಾದವನು ಯಜಮಾನ.

ಬೆಳೆ ಕಳೆದುಕೊಂಡವರಿಗೂ ಒಂದು ಮಾತು. ದನಕ್ಕೆ ಕತ್ತಿ ಬೀಸಬೇಡಿ, ಬಿಸಿನೀರು ಎರಚಬೇಡಿ, ವಿಷ ಇಡಬೇಡಿ. ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲಿದೆ. ಕಾನೂನು ಪಕ್ಕಕ್ಕಿಡಿ. ದೀಪಾವಳಿಯ ದೊಡ್ಡ ಹಬ್ಬದಲ್ಲಿ ಕೊರಳಿಗೆ ಅಡಿಕೆ ಮಾಲೆ ಹಾಕಿ ಕೈಮುಗಿದ ದನ ಅದು. ಫೋಟೋ ತೆಗೆದು ಯಜಮಾನನಿಗೆ ಕಳಿಸಿ. ಕಿವಿಯಲ್ಲಿ ಹನ್ನೆರಡು ಅಂಕಿಯ ಓಲೆ ಇದ್ದರೆ ಯಾರದ್ದೆಂದು ಪಶು ಆಸ್ಪತ್ರೆಯವರಿಂದ ತಿಳಿಯಬಹುದು.

ಸಾಕುವವರೇ, ಮೇವಿರುವಷ್ಟೇ ದನ ಇಟ್ಟುಕೊಳ್ಳಿ. ಬೇಣದಲ್ಲೋ ತೋಟದ ಬದುವಿನಲ್ಲೋ ನೇಪಿಯರ್ ಹುಲ್ಲು ನೆಡಿ. ತುಡುಗು ಕಲಿತದ್ದನ್ನು ಕಟ್ಟಿಯೇ ಸಾಕಿ. ಕಟ್ಟಿದರೆ ಸಗಣಿಯೂ ಗುಂಡಿಗೆ ಬೀಳುತ್ತದೆ, ಗೊಬ್ಬರದ ಲೋಡಿಗೆ ಈಗ ಏನು ರೇಟಿದೆ ಅಂತ ನಿಮಗೇ ಗೊತ್ತು.

ಇನ್ನೊಂದು ವಿಷಯ ನಮ್ಮ ತಾಲೂಕಿಗೆ ಜೀವದ ಪ್ರಶ್ನೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದಲ್ಲೂ ಜನರನ್ನು ಬಲಿ ತೆಗೆದುಕೊಂಡಿದೆ. ಅದನ್ನು ಹರಡುವುದು ಉಣ್ಣಿ. ದನಕ್ಕೆ ಆ ಕಾಯಿಲೆ ಬರುವುದಿಲ್ಲ, ಆದರೆ ಕಾಡಿನ ಉಣ್ಣಿ ಅದರ ಮೈಮೇಲೆ ಕೂತು ಅಂಗಳಕ್ಕೆ ಬರುತ್ತದೆ, ನಿಮ್ಮ ಅಂಗಳಕ್ಕೂ, ಪಕ್ಕದ ಮನೆಯ ಅಂಗಳಕ್ಕೂ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ದನವನ್ನು ಆದಷ್ಟು ಕಾಡಿಗೆ ಬಿಡಬೇಡಿ. ಬಿಡಲೇಬೇಕಾದರೆ ಪಶುವೈದ್ಯರನ್ನು ಕೇಳಿ ಉಣ್ಣಿಯ ಔಷಧ ಹಚ್ಚಿ. ಪಶು ಸಹಾಯವಾಣಿ 1962.

ಇವತ್ತು ಸಂಜೆ ಅಕ್ಕಚ್ಚು ಇಡುವಾಗ ದನ ಎಣಿಸಿ. ಒಂದು ಕಡಿಮೆ ಇದ್ದರೆ ಪಕ್ಕದ ಮನೆಯ ಫೋನಿಗೆ ಕಾಯಬೇಡಿ, ಬ್ಯಾಟರಿ ಹಿಡಿದು ನೀವೇ ಹೊರಡಿ.