ಹುಟ್ಟುಗುಣವೂ ಹಣೆಬರಹವೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನು ವೈದ್ಯವಿಷಯವನ್ನೆತ್ತಿಕೊಂಡುದು ತಮಗೆ ಸೋಜಿಗವಾಗಬಹುದು. ಗಡಿಯಾಚೆ ನೆಲಸಿದ ನಮಗೆ ಆಸ್ಪತ್ರೆಯ ಮಾತು ಪರಭಾಷೆಯಲ್ಲಿಯೇ ಕಿವಿಗೆ ಬೀಳುವುದು ಹೆಚ್ಚು. ತನ್ನ ಮೈಯ ಸಂಗತಿಯನ್ನು ತನ್ನ ನುಡಿಯಲ್ಲಿ ಅರಿಯಲಾರದವನಿಗೆ ಭೀತಿ ಇಮ್ಮಡಿಯಾಗುತ್ತದೆ. ಆದುದರಿಂದ ಈ ಸಾಹಸ.

ರೋಗಾಣುಗಳನ್ನು ಗುರುತಿಸಿ ಹೊಡೆದಟ್ಟುವ ಕಾವಲುಪಡೆಯೊಂದು ನಮ್ಮ ದೇಹದಲ್ಲುಂಟು. ತನ್ನವರಾರು, ಹೊರಗಿನವರಾರು ಎಂಬುದನ್ನು ಅದು ಜೀವಕೋಶಗಳ ಮೇಲಿನ ಕೆಲವು ಗುರುತುಗಳಿಂದ ತಿಳಿಯುತ್ತದೆ. ಇಂಥ ಗುರುತೊಂದನ್ನು ಫ್ರಾನ್ಸಿನ ವೈದ್ಯ ಜಾನ್ ದೊಸೆ ೧೯೫೮ರಲ್ಲಿ ಮೊದಲು ಕಂಡುಹಿಡಿದರು. ೧೯೮೦ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನವನ್ನು ಪಡೆದರು. ಎಚ್.ಎಲ್.ಎ. ಎಂಬ ಹೆಸರಿನ ಈ ಗುರುತುಗಳ ವಂಶವಾಹಿಗಳು ಆರನೆಯ ವರ್ಣತಂತುವಿನಲ್ಲಿವೆ. ಅರ್ಧ ತಂದೆಯ ಕೊಡುಗೆ, ಅರ್ಧ ತಾಯಿಯದು. ಇವುಗಳ ಪ್ರಭೇದಗಳೋ ಸಾವಿರಾರು.

ಕೆಲವೊಮ್ಮೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಈ ಪಡೆ ಸ್ವಂತ ದೇಹವನ್ನೇ ಬಾಧಿಸುತ್ತದೆ. ಬೆನ್ನೆಲುಬಿನ ಕೀಲುಗಳು ಉರಿಯೂತಕ್ಕೀಡಾಗಿ ಕ್ರಮೇಣ ಬೆಸೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅಂಥದೊಂದು ವ್ಯಾಧಿ. ೧೯೭೩ರಲ್ಲಿ ಲಂಡನ್ನಿನ ವೈದ್ಯರು ಈ ವ್ಯಾಧಿಯುಳ್ಳ ೭೫ ಮಂದಿಯ ರಕ್ತವನ್ನು ಪರೀಕ್ಷಿಸಿದಾಗ ೭೨ ಮಂದಿಯಲ್ಲಿ ಎಚ್.ಎಲ್.ಎ. ಬಿ-೨೭ ಎಂಬ ಪ್ರಭೇದ ಕಂಡುಬಂದಿತು. ಹೋಲಿಕೆಗಾಗಿ ಪರೀಕ್ಷಿಸಿದ ಬೇರೆ ೭೫ ಮಂದಿಯಲ್ಲಿ ಅದು ಇದ್ದುದು ಮೂವರಲ್ಲಿ ಮಾತ್ರ.

ಹಾಗಾದರೆ ಬಿ-೨೭ ಉಳ್ಳವರೆಲ್ಲ ರೋಗಿಗಳೇ? ಅಲ್ಲ. ಅಂಥ ನೂರು ಮಂದಿಯಲ್ಲಿ ಈ ರೋಗ ತಗಲುವುದು ಹೆಚ್ಚೆಂದರೆ ಐದಾರು ಮಂದಿಗೆ. ರೋಗಿಯ ಒಡಹುಟ್ಟಿದವರಲ್ಲಿಯೂ ಮಕ್ಕಳಲ್ಲಿಯೂ ಈ ಪ್ರಮಾಣ ಹೆಚ್ಚು. ಆದರೆ ಅವರಲ್ಲಿಯೂ ಬಹುಮಂದಿ ಪಾರಾಗುತ್ತಾರೆ. ಬೇರೆ ವಂಶವಾಹಿಗಳೂ ಸುತ್ತಣ ಪರಿಸರವೂ ಕೂಡಿಬಂದರಲ್ಲದೆ ವ್ಯಾಧಿ ತಲೆಯೆತ್ತದು. ಬೀಜವಿದ್ದ ಮಾತ್ರಕ್ಕೆ ಬೆಳೆಯಾಗುವುದೆ? ಇನ್ನೊಂದು ವಿಚಿತ್ರವನ್ನು ಕೇಳಿರಿ. ಇದೇ ಬಿ-೨೭ ಉಳ್ಳವರಲ್ಲಿ ಅನೇಕರ ದೇಹವು ಎಚ್.ಐ.ವಿ. ಸೋಂಕನ್ನು ಇತರರಿಗಿಂತ ಹೆಚ್ಚು ಕಾಲ ತಡೆಹಿಡಿಯುತ್ತದೆ. ಕರ್ಣನಿಗೆ ಕವಚವು ಹುಟ್ಟಿನೊಡನೆ ಬಂದಂತೆ ಇದೂ ಒಂದು ಕವಚವೇ. ಕೆಲವರಿಗೆ ಮಾತ್ರ ಅದು ಒಳಗೇ ಒತ್ತುತ್ತದೆ.

ಇದನ್ನು ತಿಳಿದ ಮೇಲೆ, ಸಂಬಂಧ ಬೆಳೆಸುವಾಗ “ಆ ಮನೆಯಲ್ಲಿ ಬೆನ್ನು ಬಾಗಿದವರುಂಟು” ಎಂದು ಹಿಂಜರಿಯುವುದು ನ್ಯಾಯವೆ? ಆ ಮಾತಿಗಂಜಿ ಮನೆಯವರು ಮಕ್ಕಳ ನೋವನ್ನು ಬಚ್ಚಿಟ್ಟರೆ ಕೇಡು ಇಮ್ಮಡಿ. ಹರೆಯದವರಿಗೆ ಸೊಂಟನೋವು ಮೂರು ತಿಂಗಳು ಮೀರಿಯೂ ನಿಲ್ಲದೆ, ಬೆಳಗ್ಗೆ ಬೆನ್ನು ಮರಗಟ್ಟಿದಂತಾಗಿ, ಮಲಗಿದರೆ ಹೆಚ್ಚಿ, ಓಡಾಡಿದರೆ ಇಳಿಯುತ್ತಿದ್ದರೆ ಅದನ್ನು ದುಡಿಮೆಯ ದಣಿವೆಂದು ತಳ್ಳಿಹಾಕಬಾರದು. ಹೆಣ್ಣುಮಕ್ಕಳಿಗೂ ಈ ರೋಗ ಬರುವುದುಂಟು. ಕೀಲುರೋಗಗಳ ತಜ್ಞರನ್ನು ಬೇಗನೆ ಕಂಡರೆ ಔಷಧಗಳಿಂದಲೂ ನಿತ್ಯದ ವ್ಯಾಯಾಮದಿಂದಲೂ ಬಹುಮಂದಿ ನೆಟ್ಟಗೆ ನಡೆದು ದುಡಿದು ಬಾಳಬಲ್ಲರು. ಧೂಮಪಾನವನ್ನಂತೂ ಬಿಡಲೇಬೇಕು.

ಹುಟ್ಟುಗುಣವನ್ನು ನಾವು ಆರಿಸಿಕೊಂಡು ಬಂದವರಲ್ಲ. ಆದರೆ ಅದು ಹಣೆಬರಹವೂ ಅಲ್ಲ. ಅರಿತವರು ಮನೆಯಲ್ಲಿ ಇದನ್ನು ನಾಲ್ವರಿಗೆ ಕನ್ನಡದಲ್ಲಿ ಹೇಳಲಿ ಎಂದು ಪ್ರಾರ್ಥಿಸುತ್ತೇನೆ.