ಈಸೂರಿನ ಆರೋಪಿಗಳು

ದಂಗೆ ಏಳುವುದು ಊರಿಗೆ ಊರೇ. ನ್ಯಾಯಾಲಯಕ್ಕೆ ಮಾತ್ರ ಹೆಸರುಗಳು ಬೇಕು. ಇಂಗ್ಲೆಂಡಿನಲ್ಲಿ 1381ರ ರೈತ ದಂಗೆ ಅಡಗಿದ ಮೇಲೆ ಆರೋಪಿಗಳ ಪಟ್ಟಿಯಲ್ಲಿ ದರ್ಜಿ, ಬಡಗಿ, ರೊಟ್ಟಿ ಸುಡುವವರಂಥ ಸಾಮಾನ್ಯರೂ ಇದ್ದರು. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲೂ ಆದದ್ದು ಅದೇ.

1942ರಲ್ಲಿ ಈಸೂರು ತಾನು ಸ್ವತಂತ್ರವೆಂದು ಸಾರಿತು. ಮಕ್ಕಳನ್ನು ಜೈಲಿಗೆ ಹಾಕಲಾರರೆಂದು ಇಬ್ಬರು ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿತು. ಸೆಪ್ಟೆಂಬರ್ 28ರಂದು ಸರ್ಕಾರದ ಅಮಲ್ದಾರ ಚನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರೊಡನೆ ಬಂದರು. ಗಾಂಧಿ ಟೋಪಿ ಧರಿಸಿ ಎಂದು ಜನ ಪಟ್ಟುಹಿಡಿದರು. ಮಾತು ಘರ್ಷಣೆಗೆ ತಿರುಗಿತು. ಇಬ್ಬರೂ ಗುಂಪಿನ ಕೈಯಲ್ಲಿ ಸತ್ತರು. ಸಂಬಳಕ್ಕೆ ದುಡಿಯುತ್ತಿದ್ದ ಅವರೂ ಕನ್ನಡಿಗರೇ.

ಗುಂಪಿನಲ್ಲಿ ಯಾರ ಏಟು ಯಾರಿಗೆ ಬಿತ್ತು? ಇಂಥ ವಿಚಾರಣೆಗಳ ತೊಡಕೇ ಇದು. ಆದರೂ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಜೀವಾವಧಿ ಶಿಕ್ಷೆಗೆ ಗುರಿಯಾದರು.

ಮರೆಯಬಾರದ ಮಾತೊಂದಿದೆ. ಈ ಶಿಕ್ಷೆ ನೇರವಾಗಿ ಬ್ರಿಟಿಷರದಲ್ಲ, ಮೈಸೂರು ಸಂಸ್ಥಾನದ್ದು. ಆಗ ಅರಸರಾಗಿದ್ದವರು ಜಯಚಾಮರಾಜ ಒಡೆಯರು. ಈ ಜಯನಗರಕ್ಕೆ ಹೆಸರು ಬಂದದ್ದು ಅವರಿಂದಲೇ. ಆ ಜೈಲಿನ ಆವರಣ ಇಂದು ಫ್ರೀಡಂ ಪಾರ್ಕ್. ಒಂದೇ ನಗರ ಅರಸರ ಹೆಸರನ್ನು ಬಡಾವಣೆಯಲ್ಲಿ ಉಳಿಸಿಕೊಂಡಿದೆ. ಆ ಐವರ ಹೆಸರು ಎಷ್ಟು ಮಂದಿಯ ನಾಲಿಗೆಯ ಮೇಲಿದೆ?